ಮಾಲ್ಗುಡಿಯ ನಕ್ಷೆ ಬರೆಯೋಣ: ಮೊದಲು ಹೊಳೆ, ಆಮೇಲೆ ಬೀದಿ

ಹೊಳೆಸಾಲು

ಆರ್. ಕೆ. ನಾರಾಯಣ್ ಅವರ ಕಾದಂಬರಿಗಳ ಕಾಲ್ಪನಿಕ ಊರು ಮಾಲ್ಗುಡಿಗೆ ಒಂದು ನಕ್ಷೆ ಬರೆಯಬೇಕು ಅಂತ ಕೂತಿದ್ದೇನೆ. ಕೈ ಜೋಡಿಸುವವರು ಬೇಕು, ಅದಕ್ಕೇ ಈ ಚರ್ಚೆ.

1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಿಂದ 1990ರ ‘ದ ವರ್ಲ್ಡ್ ಆಫ್ ನಾಗರಾಜ್’ವರೆಗೆ ಅವರು 55 ವರ್ಷ ಆ ಊರಿನ ಕತೆ ಬರೆದರು. ಅಷ್ಟು ವರ್ಷ ಯಾವ ಊರೂ ಇದ್ದ ಹಾಗೇ ಇರುವುದಿಲ್ಲ. ಹಾಗಾಗಿ ಬರೀ ಬೀದಿಗಳನ್ನು ಗೀಚಿದರೆ ಸಾಲದು. ಯಾವ ಕಟ್ಟಡ ಯಾವಾಗ ಬಂತು, ಯಾವ ರಸ್ತೆಯ ಹೆಸರು ಯಾವಾಗ ಹೋಯಿತು, ಕಾಡು ಎಲ್ಲಿಯವರೆಗೆ ಇತ್ತು, ಇದೂ ಬರಬೇಕು.

ಸದ್ಯಕ್ಕೆ ನನ್ನ ಹತ್ತಿರ ಇರುವುದು ಇಷ್ಟು. ಊರಿಗೆ ಸರಯೂ ಅನ್ನೋ ಹೊಳೆ ಇದೆ. ದಂಡೆ ತುಂಬ ಮರಳು, ಸಂಜೆ ಜನ ಅಲ್ಲಿಗೆ ತಿರುಗಾಡಲು ಹೋಗುತ್ತಾರೆ. ನಲ್ಲಪ್ಪನ ತೋಪಿನ ಹತ್ತಿರ ಎತ್ತಿನ ಗಾಡಿಗಳು ಹೊಳೆ ದಾಟುತ್ತವೆ. ಮಾರ್ಕೆಟ್ ರೋಡ್ ಊರಿನ ಮುಖ್ಯ ಬೀದಿ, ಅದರ ಹಿಂದೆಯೇ ಕಬೀರ್ ಸ್ಟ್ರೀಟ್. ಅನುಕೂಲಸ್ಥರು ಲಾಲಿ ಎಕ್ಸ್‌ಟೆನ್ಷನ್‌ನಲ್ಲಿ ಇರುತ್ತಾರೆ. ಆಚೆ ಮೆಂಪಿ ಬೆಟ್ಟ, ಅದರ ಸುತ್ತ ಕಾಡು. ರೈಲ್ವೆ ಸ್ಟೇಷನ್ ಇದೆ, ಮದ್ರಾಸಿಗೆ ರೈಲು ಹೋಗುತ್ತದೆ.

ಇಷ್ಟಿದ್ದರೂ ಉತ್ತರ ಯಾವ ಕಡೆ ಅಂತಲೇ ಹೇಳೋಕೆ ಆಗುತ್ತಿಲ್ಲ. ಎಲ್ಲಿಂದ ಶುರು ಮಾಡೋಣ?

ರಾತ್ರಿಪಾಳಿ

ಈ ಕೆಲಸ ಮೊದಲೇ ಒಬ್ಬರು ಮಾಡಿದ್ದಾರೆ. ಜೇಮ್ಸ್ ಫೆನೆಲಿ ಅನ್ನೋ ವಿದ್ವಾಂಸರು 1978ರಲ್ಲಿ ಮಾಲ್ಗುಡಿಯ ಮೇಲೆ ಒಂದು ಪ್ರಬಂಧ ಬರೆದು, ಕಾದಂಬರಿಗಳಿಂದ ಸುಳಿವು ಹೆಕ್ಕಿ ನಕ್ಷೆ ತಯಾರಿಸಿದರು. ಆದರೆ ಅವರ ಉದ್ದೇಶ ಬೇರೆ. ಊರಿನ ವಿನ್ಯಾಸದಲ್ಲಿ ಹಿಂದೂ ವಿಶ್ವಕಲ್ಪನೆಯ ವ್ಯವಸ್ಥೆ ಕಾಣುತ್ತದೆ ಅನ್ನೋದು ಅವರ ವಾದ. ಅಂಥ ವಾದ ತಲೆಯಲ್ಲಿ ಇಟ್ಟುಕೊಂಡು ಗೆರೆ ಎಳೆದರೆ, ಗೆರೆ ವಾದದ ಕಡೆಗೇ ವಾಲುತ್ತದೆ. ಆ ನಕ್ಷೆಯನ್ನು ಗೌರವದಿಂದ ಪಕ್ಕಕ್ಕಿಟ್ಟು ನಾವು ಪುಸ್ತಕಗಳಿಂದಲೇ ಶುರು ಮಾಡೋದು ಒಳ್ಳೆಯದು.

ಇನ್ನೊಂದು ವಿಷಯ. ಸ್ವತಃ ನಾರಾಯಣ್ ಅವರಿಗೆ ಮಾಲ್ಗುಡಿಯನ್ನು ಗುರುತು ಹಚ್ಚುವ ಆಸೆ ಇರಲಿಲ್ಲ. ‘ಮಾಲ್ಗುಡಿ ಡೇಸ್’ ಸಂಕಲನದ ಮುನ್ನುಡಿಯಲ್ಲಿ ಅವರು ಅದನ್ನು ಬರೀ ಒಂದು ಕಲ್ಪನೆ ಅನ್ನುತ್ತಾರೆ. ದಕ್ಷಿಣ ಭಾರತದ ಸಣ್ಣ ಪಟ್ಟಣ ಅಂದರೆ ಅರ್ಧ ಸತ್ಯ ಹೇಳಿದ ಹಾಗೆ ಅಂತಲೂ ಬರೆದಿದ್ದಾರೆ. ಬರೆದವರೇ ಬೇಡ ಅಂದ ಮೇಲೆ ನಾವು ಯಾಕೆ?

ಭೂಗೋಳದ ಮೇಷ್ಟ್ರು

ಅವರು ಬೇಡ ಅಂದದ್ದು, ಮಾಲ್ಗುಡಿ ನಿಜವಾಗಿ ಯಾವ ಊರು ಅಂತ ಹುಡುಕೋದನ್ನು. ಪುಸ್ತಕದ ಒಳಗೇ ಊರು ಹೇಗಿದೆ ಅಂತ ನೋಡೋದು ಬೇರೆ ಕೆಲಸ. ಅದು ಗಮನ ಕೊಟ್ಟು ಓದೋದೇ ಅಲ್ವಾ?

ಶುರು ಮಾಡುವ ಜಾಗ ಹೇಳುತ್ತೇನೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಒಂದು ಚಿನ್ನದಂಥ ವಾಕ್ಯ ಇದೆ. 1930ರ ಆಗಸ್ಟ್ 15ರಂದು ಮಾಲ್ಗುಡಿಯ ಸುಮಾರು 2,000 ಜನ ಸರಯೂವಿನ ಬಲದಂಡೆಯಲ್ಲಿ ಸೇರಿದರು. ಮುಂಬೈಯ ಒಬ್ಬ ರಾಜಕೀಯ ಕಾರ್ಯಕರ್ತನ ಬಂಧನದ ವಿರುದ್ಧ ಪ್ರತಿಭಟನೆ. ವಿದೇಶಿ ಬಟ್ಟೆಗೆ ಬೆಂಕಿ ಬೀಳುತ್ತದೆ, ಸ್ವಾಮಿ ತನ್ನ ಟೋಪಿಯನ್ನೂ ಅದಕ್ಕೆ ಹಾಕುತ್ತಾನೆ.

ಒಂದೇ ವಾಕ್ಯದಲ್ಲಿ ತಾರೀಖು, ಸೇರಿದ ಜನರ ಅಂದಾಜು, ದಂಡೆ, ಮೂರೂ ಸಿಕ್ಕಿತು. ಬಲದಂಡೆ ಅಂದರೆ ನೀರು ಹರಿಯುವ ಕಡೆ ಮುಖ ಮಾಡಿ ನಿಂತಾಗ ನಮ್ಮ ಬಲಗಡೆ. ಶಾಲೆ ಹುಡುಗರು ಸಂಜೆ ಸಲೀಸಾಗಿ ಹೋಗಿ ಬರುವ ಜಾಗ ಅದು. 2,000 ಜನ ಹೊಳೆ ದಾಟಿ ಆಚೆ ಹೋಗಿ ಸಭೆ ಮಾಡಿದರು ಅನ್ನೋದಕ್ಕಿಂತ ಊರಿನ ಕಡೆಯ ಮರಳಿನಲ್ಲೇ ಸೇರಿದರು ಅನ್ನೋದು ಸಹಜ. ಹಾಗಿದ್ದರೆ ಊರು ಬಲದಂಡೆಯಲ್ಲಿದೆ. ನಲ್ಲಪ್ಪನ ತೋಪಿನ ಹತ್ತಿರ ದಾಟಿದರೆ ಸಿಗೋದು ಎಡದಂಡೆ.

ಹೊಳೆಯ ಮೂಲ ಮೆಂಪಿ ಬೆಟ್ಟ ಅಂತ ‘ದ ಗೈಡ್’ನಲ್ಲಿ ಬರುತ್ತದೆ. ಸರಿ, ಬೆಟ್ಟ ಮೇಲ್ಗಡೆ, ಊರು ಕೆಳಗಡೆ. ಬೆಟ್ಟಕ್ಕೆ ಬೆನ್ನು ಹಾಕಿ ನಿಂತರೆ ಊರು ಹೊಳೆಯ ಬಲಕ್ಕೆ. ಉತ್ತರ ಗೊತ್ತಿಲ್ಲದೆಯೇ ಅರ್ಧ ನಕ್ಷೆ ಸಿಕ್ಕಿತು ನೋಡಿ.

ದಿಕ್ಕು ಊಹೆ ಮಾಡಬೇಡಿ. ಮೊದಲು ನೀರು ಎತ್ತ ಹರಿಯುತ್ತದೆ, ಆಮೇಲೆ ನಡೆದುಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತದೆ, ಕೊನೆಗೆ ಬೀದಿ. ಕಾಲ್ಪನಿಕ ಊರಿನ ನಕ್ಷೆಗೆ ಬಂದವರು ತುಂಬ ಜನ ತಿರುವುಮುರುವು ಮಾಡುತ್ತಾರೆ. ಚಂದದ ಅಕ್ಷರ, ಚಂದದ ಗಡಿ ಮೊದಲು ಬರೆದು, ನೀರನ್ನು ಆಮೇಲೆ ತುಂಬುತ್ತಾರೆ. ಆಗ ಒಂದೇ ನದಿ ಎರಡು ಸಮುದ್ರಕ್ಕೆ ಸೇರುವಂಥ ನಕ್ಷೆಗಳು ಹುಟ್ಟುತ್ತವೆ. ನೀರು ತಗ್ಗು ಹುಡುಕುತ್ತದೆ, ಹತ್ತಿರದ ಸಮುದ್ರವನ್ನಲ್ಲ. ನಮ್ಮ ತುಂಗೆ, ಭದ್ರೆ, ಕಾವೇರಿ ಎಲ್ಲವೂ ಪಶ್ಚಿಮ ಕರಾವಳಿಗೆ ಅಷ್ಟು ಹತ್ತಿರ ಹುಟ್ಟಿ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತವೆ. ನಕ್ಷೆ ಬರೆಯುವವರು ಇದನ್ನು ಮನಸ್ಸಲ್ಲಿ ಇಟ್ಟುಕೊಂಡಿರಬೇಕು.

ಕಡಲಾಚೆ

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಓಟು. ನಡೆಯುವ ಹೊತ್ತಿನಿಂದ ದೂರ ಕಂಡುಹಿಡಿಯುವ ಕೆಲಸವನ್ನು ಬಲು ಶ್ರದ್ಧೆಯಿಂದ ಮಾಡಿದವರು ಅಮೆರಿಕದ ಕ್ಯಾರೆನ್ ವಿನ್ ಫಾನ್‌ಸ್ಟಾಡ್. ಓದಿದ್ದೇ ಭೂಗೋಳ. ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಅವರ ಕಾಲ್ಪನಿಕ ಲೋಕ ಮಿಡಲ್ ಅರ್ಥ್‌ಗೆ 1981ರಲ್ಲಿ ಅಟ್ಲಾಸ್ ತಂದರು, 1991ರಲ್ಲಿ ತಿದ್ದಿದ ಆವೃತ್ತಿ ಬಂತು.

ಅದರಲ್ಲಿ ನನಗೆ ತುಂಬ ಇಷ್ಟವಾಗೋದು ದಾರಿಗಳ ನಕ್ಷೆಗಳು. ಕತೆಯ ಜನ ಪ್ರತಿ ರಾತ್ರಿ ಎಲ್ಲಿ ತಂಗಿದರು ಅಂತ ಗುರುತು ಹಾಕಿದ್ದಾರೆ. ಕತೆಯ ಕುಳ್ಳ ನಾಯಕ ಫ್ರೋಡೋ ಮನೆ ಬಿಡೋದು ಸೆಪ್ಟೆಂಬರ್ 23ಕ್ಕೆ, ರಿವೆಂಡೆಲ್ ಹತ್ತಿರದ ಹೊಳೆ ದಾಟೋದು ಅಕ್ಟೋಬರ್ 20ಕ್ಕೆ. ಅಟ್ಲಾಸ್ ಪ್ರಕಾರ ದೂರ ಸುಮಾರು 458 ಮೈಲಿ. ಭಾಗಿಸಿದರೆ ದಿನಕ್ಕೆ 17 ಮೈಲಿ. ನಡುವೆ ಎರಡು ದಿನ ಒಂದು ಮನೆಯಲ್ಲಿ ಉಳಿಯುತ್ತಾರೆ, ಜೌಗಿನಲ್ಲಿ ಒದ್ದಾಡುತ್ತಾರೆ, ಗಾಯ ಆಗುತ್ತದೆ. ಹಾಗಾದರೆ ನಡೆದ ದಿನ 17ಕ್ಕಿಂತ ಜಾಸ್ತಿ ನಡೆದಿರಲೇಬೇಕು. ಕುಳ್ಳ ಕಾಲಿನವರಿಗೆ ಇದು ಕಷ್ಟ, ಆದರೆ ಅಸಾಧ್ಯ ಅಲ್ಲ. ದೂರ ಮತ್ತು ದಿನ ಹೀಗೆ ತಾಳೆ ಆದಾಗ ಆ ಲೋಕದ ಮೇಲೆ ನಂಬಿಕೆ ಬರುತ್ತದೆ.

ಟೋಲ್ಕಿನ್ ಅವರ ಕೈನಕ್ಷೆಯಲ್ಲಿ ಚೌಕಗಳಿದ್ದವು, 2 ಸೆಂಟಿಮೀಟರಿಗೆ 100 ಮೈಲಿ. ಆ ಚೌಕಗಳ ಮೇಲೆ ದಿನದ ಲೆಕ್ಕ ಹಿಡಿದು ಕತೆ ಹೊಂದಿಸುತ್ತಿದ್ದರು. ಚಂದ್ರನನ್ನೂ ಬಿಟ್ಟಿರಲಿಲ್ಲ. 1944ರಲ್ಲಿ ಮಗನಿಗೆ ಬರೆದ ಪತ್ರದಲ್ಲಿ, ಕತೆಯ ಒಂದು ಕಡೆ ಚಂದ್ರ ಹುಟ್ಟುತ್ತಿದ್ದಾನೆ, ಅದೇ ಹೊತ್ತಿಗೆ ಇನ್ನೊಂದು ಕಡೆ ಮುಳುಗುತ್ತಿದ್ದಾನೆ ಅಂತ ತಲೆ ಕೆಡಿಸಿಕೊಂಡಿದ್ದಾರೆ. ಅದನ್ನು ಸರಿ ಮಾಡೋಕೆ ಅಧ್ಯಾಯಗಳನ್ನು ತಿದ್ದಿದರು.

ಹೊಳೆಸಾಲು

ಚಂದ್ರ! ಮೇಷ್ಟ್ರು ತಾರೀಖು ಕೊಟ್ಟಿದ್ದಾರಲ್ಲ, ಈಗಲೇ ಲೆಕ್ಕ ಹಾಕಿದೆ. 1930ರ ಆಗಸ್ಟ್ 15 ಶುಕ್ರವಾರ. 17 ವರ್ಷ ಆದ ಮೇಲೆ ಸ್ವಾತಂತ್ರ್ಯ ಬಂದ ದಿನವೂ ಶುಕ್ರವಾರ. ಪುಸ್ತಕ ಅಚ್ಚಾದದ್ದು 1935ರಲ್ಲಿ, ಅಂದರೆ ಸ್ವಾತಂತ್ರ್ಯಕ್ಕೆ 12 ವರ್ಷ ಮೊದಲು. ಇದನ್ನು ಓದಿದಾಗಲೆಲ್ಲ ಮೈ ಜುಂ ಅನ್ನುತ್ತದೆ.

ಅವತ್ತಿಗೆ ಹುಣ್ಣಿಮೆ ಕಳೆದು ಐದಾರು ದಿನ, ಕೃಷ್ಣಪಕ್ಷ. ಚಂದ್ರ ಹುಟ್ಟೋದು ರಾತ್ರಿ ತಡವಾಗಿ. ಅಂದರೆ ಹೊತ್ತು ಮುಳುಗಿದ ಮೇಲೆ ಮರಳ ದಂಡೆ ಪೂರ್ತಿ ಕತ್ತಲು, ಬಟ್ಟೆ ಉರಿಯುವ ಬೆಂಕಿಯದ್ದೇ ಬೆಳಕು. ನಾರಾಯಣ್ ಪಂಚಾಂಗ ನೋಡಿ ಬರೆದಿರಲಿಕ್ಕಿಲ್ಲ. ಆದರೆ ಆ ದೃಶ್ಯ ಈಗ ನನಗೆ ಇನ್ನೂ ಚೆನ್ನಾಗಿ ಕಾಣುತ್ತಿದೆ.

ಮಾರನೇ ದಿನ ಶಾಲೆ ಮುಂದೆ ಗಲಾಟೆ ಆಗುತ್ತದೆ. ಅದು ಶನಿವಾರ ಆಗಬೇಕು. ಆಲ್ಬರ್ಟ್ ಮಿಷನ್ ಶಾಲೆಗೆ ಶನಿವಾರ ಪಾಠ ಇತ್ತಾ? ಪುಸ್ತಕ ಕೈಯಲ್ಲಿ ಇದ್ದವರು ನೋಡಿ ಹೇಳಿ.

ರಾತ್ರಿಪಾಳಿ

ಚಂದ್ರನ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು. ಸ್ಟೀವನ್‌ಸನ್ ‘ಟ್ರೆಷರ್ ಐಲೆಂಡ್’ ಹುಟ್ಟಿದ ಬಗೆಯನ್ನು ತಾವೇ ಬರೆದಿದ್ದಾರೆ. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಮಳೆ. ಮನೆಯಲ್ಲಿ ಮಲಮಗನ ಜೊತೆ ಕೂತು ಒಂದು ದ್ವೀಪದ ನಕ್ಷೆಗೆ ಬಣ್ಣ ಹಚ್ಚಿದರು. ಆ ನಕ್ಷೆಯಿಂದಲೇ ಕತೆ ಬೆಳೆಯಿತು. ಪುಸ್ತಕ ಅಚ್ಚಾಗುವ ಹೊತ್ತಿಗೆ ಮೂಲ ನಕ್ಷೆ ಕಳೆದುಹೋಯಿತು! ಆಗ ಅವರು ತಾವೇ ಬರೆದ ಕತೆಯನ್ನು ಮೊದಲಿಂದ ಓದಿ, ಅದರಲ್ಲಿರುವ ಒಂದೊಂದು ಸುಳಿವನ್ನೂ ಪಟ್ಟಿ ಮಾಡಿ, ಕೈವಾರ ಹಿಡಿದು ಅದಕ್ಕೆ ಹೊಂದುವ ಹೊಸ ನಕ್ಷೆ ಬರೆಯಬೇಕಾಯಿತು. ನಾವು ಈಗ ಮಾಲ್ಗುಡಿಗೆ ಮಾಡುತ್ತಿರುವುದೂ ಇದನ್ನೇ. ಹೊಸ ನಕ್ಷೆ ತಯಾರಾದದ್ದು ಅವರ ತಂದೆಯ ಆಫೀಸಿನಲ್ಲಿ. ತಂದೆ ದೀಪಸ್ತಂಭ ಕಟ್ಟುವ ಇಂಜಿನಿಯರ್, ಚೊಕ್ಕವಾಗಿ ಬಂತು. ಆದರೂ ಸ್ಟೀವನ್‌ಸನ್‌ಗೆ ಅದು ತಮ್ಮ ದ್ವೀಪ ಅಂತ ಅನ್ನಿಸಲೇ ಇಲ್ಲ.

ಅದೇ ಬರಹದಲ್ಲಿ ಅವರು ಬರೆಯುವವರಿಗೆ ಹೇಳುವ ಮಾತು: ನಿಮ್ಮ ಸೀಮೆಯ ದೂರ, ದಿಕ್ಕು, ಸೂರ್ಯ ಹುಟ್ಟುವ ಜಾಗ ನಿಮಗೆ ಗೊತ್ತಿರಬೇಕು. ಇನ್ನೊಂದು ಕಾದಂಬರಿಯಲ್ಲಿ ಚಂದ್ರ ಎಡವಟ್ಟು ಮಾಡಿದ ಮೇಲೆ ಅವರು ಪಂಚಾಂಗ ಇಲ್ಲದೆ ಬರೆಯುತ್ತಲೇ ಇರಲಿಲ್ಲ.

ಮಳೆಬಿಲ್ಲು

ನೀವೆಲ್ಲ ಇಷ್ಟು ಕಷ್ಟಪಡೋದು ಯಾಕೆ? ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಆಗುಂಬೆಯಲ್ಲಿ ಶೂಟ್ ಆಗಿದೆ. ಶೂಟಿಂಗ್ ನಡೆದ ದೊಡ್ಡಮನೆ ಇವತ್ತಿಗೂ ಇದೆ. ಹೊಸನಗರ ತಾಲ್ಲೂಕಿನ ಅರಸಾಳು ರೈಲ್ವೆ ಸ್ಟೇಷನ್ ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿತ್ತು, ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ನಮ್ಮ ಮನಸ್ಸಲ್ಲಿ ಇರೋ ಮಾಲ್ಗುಡಿ ಅದೇ. ಅದರ ನಕ್ಷೆಯನ್ನೇ ಹಾಕಿ.

ಭೂಗೋಳದ ಮೇಷ್ಟ್ರು

ಆ ಧಾರಾವಾಹಿ ನನಗೂ ಜೀವ. ಆದರೆ ನಕ್ಷೆಗೆ ಅದು ಆಧಾರ ಆಗೋದಿಲ್ಲ. ಕಾರಣ ಮಳೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಪುಸ್ತಕದ ಮಾಲ್ಗುಡಿಯಲ್ಲಿ ಜನ ಆಗಸ್ಟ್ ಮಧ್ಯದಲ್ಲಿ ಹೊಳೆಯ ಮರಳಿನ ಮೇಲೆ 2,000 ಜನ ಕೂತು ಭಾಷಣ ಕೇಳುತ್ತಾರೆ, ಬಟ್ಟೆಗೆ ಬೆಂಕಿ ಹಚ್ಚುತ್ತಾರೆ. ಆಗಸ್ಟ್‌ನಲ್ಲಿ ಆಗುಂಬೆ ಸೀಮೆಯ ಯಾವ ಹೊಳೆಯಲ್ಲಿ ಮರಳು ಕಾಣುತ್ತದೆ, ಹೇಳಿ? ಹೊಳೆ ತುಂಬಿ ಕೆಂಪಗೆ ಹರಿಯುತ್ತಿರುತ್ತದೆ. ಸೌದೆ ಒಣಗಿಸೋದೇ ಕಷ್ಟ, ಇನ್ನು ಬಟ್ಟೆಯ ರಾಶಿ ಉರಿಸೋದು ಎಲ್ಲಿಂದ ಬಂತು?

‘ದ ಗೈಡ್’ ತೆಗೆದುಕೊಳ್ಳಿ. ಮಂಗಲ ಅನ್ನೋ ಹಳ್ಳಿಯ ಹತ್ತಿರ ಸರಯೂ ಒಣಗುತ್ತಾ ಬರುತ್ತದೆ. ನೀರು ಎಷ್ಟು ಕಮ್ಮಿ ಆಗುತ್ತದೆ ಅಂದರೆ, ಹೊಳೆಯಲ್ಲಿ ಇದೆ ಅಂತ ಎಲ್ಲರೂ ಹೆದರುತ್ತಿದ್ದ ಮೊಸಳೆ ಸತ್ತು ಬಿದ್ದದ್ದು ಕಾಣುತ್ತದೆ. ಮಳೆ ಬಾರದೆ ದನ ಸಾಯುತ್ತವೆ. ಇದು ಘಟ್ಟದ ನೆತ್ತಿಯ ಊರಲ್ಲ. ಮಳೆಯ ಮೋಡಗಳನ್ನು ಬೆಟ್ಟ ತಡೆದು, ಆಚೆಗೆ ಉಳಿದದ್ದಷ್ಟೇ ಸಿಗುವ ಬಯಲಿನ ಊರು. ಚಿತ್ರದುರ್ಗ, ಚಾಮರಾಜನಗರದ ಕಡೆಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆ ಕಡೆ ಆಗಸ್ಟ್‌ನಲ್ಲಿ ಒಂದು ಸಂಜೆ ಒಣಗಿದ ಮರಳು ಸಿಗೋದು ದೊಡ್ಡ ಮಾತಲ್ಲ.

ನಕ್ಷೆಯ ಮೇಲೆ ಮಾಲ್ಗುಡಿಯ ಬಣ್ಣ ಹಸಿರಲ್ಲ, ತಿಳಿಗಂದು. ಮೆಂಪಿ ಬೆಟ್ಟದ ಕಡೆಗೆ ಹೋಗ್ತಾ ಹಸಿರು.

ಮಳೆಬಿಲ್ಲು

ಕಂದು ಮಾಲ್ಗುಡಿ ಒಪ್ಪೋಕೆ ಸ್ವಲ್ಪ ಹೊತ್ತು ಬೇಕು. ಆದರೆ ಮರಳಿನ ವಾದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಘಟಪ್ರಭೆ

ನನ್ನದೊಂದು ತಕರಾರು. ಎಲ್ಲ ಕಾಲ್ಪನಿಕ ಊರುಗಳೂ ಅಳತೆಗೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ನಮ್ಮ ಚಂದ್ರಶೇಖರ ಕಂಬಾರರ ಶಿವಾಪುರ ನೋಡಿ. ‘ಕರಿಮಾಯಿ’ಯಲ್ಲಿ ಬರುತ್ತದೆ, ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ಬರುತ್ತದೆ, ‘ಶಿಖರಸೂರ್ಯ’ದಲ್ಲಿ ಬರುತ್ತದೆ. ‘ಕರಿಮಾಯಿ’ಯ ಶಿವಾಪುರ ಬ್ರಿಟಿಷರ ಕಾಲದ್ದು. ಬೆಳಗಾವಿಯಲ್ಲಿ ಓದಿ ಬಂದ ಗುಡಸೀಕರ ಊರಿನ ಬುಡ ಅಲ್ಲಾಡಿಸುತ್ತಾನೆ. ‘ಶಿಖರಸೂರ್ಯ’ದ ಶಿವಾಪುರ ಪುರಾಣದ ಕಾಲಕ್ಕೆ ಹೋಗುತ್ತದೆ, ಎದುರಿಗೆ ಕನಕಪುರಿ ಅನ್ನೋ ರಾಜ್ಯ ಇದೆ. ಹೆಸರು ಒಂದೇ. ಊರು ಒಂದೇ ಅಂತ ಹೇಗೆ ಹೇಳ್ತೀರಿ? ಅಲ್ಲಿ ದೂರ ಮೈಲಿಯಲ್ಲಿ ಇಲ್ಲ. ದೇವಿಯ ಗುಡಿ ಎಲ್ಲಿದೆಯೋ ಅದು ನಡು, ಮಿಕ್ಕಿದ್ದೆಲ್ಲ ಅದರ ಸುತ್ತ.

ಕಂಬಾರರ ಹುಟ್ಟೂರು ಘೋಡಗೇರಿ, ನಮ್ಮ ಕಡೆಯದು. ಶಿವಾಪುರ ಅಂದರೆ ಘೋಡಗೇರಿಯೇ ಅಂತ ಹೇಳುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅಳತೆಪಟ್ಟಿ ಇಟ್ಟ ಕೂಡಲೇ ಆ ಊರು ಸಣ್ಣದಾಗುತ್ತದೆ. ಮಾಲ್ಗುಡಿಗೂ ಹಾಗೇ ಆಗಬಹುದು ಅನ್ನೋ ಹೆದರಿಕೆ ನನ್ನದು.

ಕಡಲಾಚೆ

ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಆದರೆ ಕಾಲ ಬದಲಾದರೆ ನಕ್ಷೆ ಆಗೋದಿಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. ಫಾನ್‌ಸ್ಟಾಡ್ ಅವರಿಗೂ ಇದೇ ಕಷ್ಟ ಎದುರಾಗಿತ್ತು. ಟೋಲ್ಕಿನ್ ಲೋಕದ ಮೊದಲ ಯುಗದ ದೊಡ್ಡ ನಾಡು, ಬೆಲೆರಿಯಂಡ್, ಯುಗದ ಕೊನೆಗೆ ಸಮುದ್ರದಲ್ಲಿ ಮುಳುಗುತ್ತದೆ. ಎರಡು ಯುಗಗಳ ನಕ್ಷೆ ಬೇರೆ ಬೇರೆ. ಎರಡರಲ್ಲೂ ಉಳಿದದ್ದು ನೀಲಿ ಪರ್ವತಗಳ ಸಾಲು. ಅದನ್ನೇ ಕೀಲು ಮಾಡಿಕೊಂಡು ಹಳೇ ನಕ್ಷೆಯನ್ನು ಹೊಸ ನಕ್ಷೆಗೆ ಜೋಡಿಸಿದರು. ಯುಗಕ್ಕೊಂದು ಹಾಳೆ ಬಂತು.

ಹಾಗೆಯೇ ಮಾಲ್ಗುಡಿಗೂ ಕಾಲಕ್ಕೊಂದು ಹಾಳೆ ಮಾಡಬಹುದು. ಸರಯೂ, ಮಾರ್ಕೆಟ್ ರೋಡ್, ಸ್ಟೇಷನ್ ಇವೇ ಕೀಲು.

ಇನ್ನೊಂದು ಮಾದರಿ ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್. ತಮ್ಮ ಕಾಲ್ಪನಿಕ ಯೋಕ್ನಪಟಾಫಾ ಕೌಂಟಿಗೆ ಅವರೇ ನಕ್ಷೆ ಬರೆದು 1936ರಲ್ಲಿ ಕಾದಂಬರಿಯ ಜೊತೆ ಹಾಕಿದರು. ವಿಸ್ತೀರ್ಣ 2,400 ಚದರ ಮೈಲಿ, ಬಿಳಿಯರು 6,298, ಕಪ್ಪು ಜನ 9,313 ಅಂತ ಲೆಕ್ಕ ಕೊಟ್ಟಿದ್ದಾರೆ. ಕೆಳಗೆ ತಾನೇ ಇದರ ಏಕೈಕ ಒಡೆಯ ಅಂತ ಸಹಿ. ನಕ್ಷೆಯ ಮೇಲೆ ಬೇರೆ ಬೇರೆ ಪುಸ್ತಕಗಳಲ್ಲಿ ನಡೆದ ಘಟನೆಗಳನ್ನು ಆಯಾ ಜಾಗದಲ್ಲೇ ಬರೆದಿದ್ದಾರೆ, ಹಾಗಾಗಿ ಅದು ಇತಿಹಾಸವೂ ಹೌದು. ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ಅಮೆರಿಕದ ದಕ್ಷಿಣದ ಕತೆ ಅರ್ಧ ತಿಳಿಯುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯದವರು ಈಗ ಅಲ್ಲಿನ ಪಾತ್ರ, ಜಾಗ, ಘಟನೆಗಳನ್ನೆಲ್ಲ ಡಿಜಿಟಲ್ ನಕ್ಷೆಗೆ ತಂದಿದ್ದಾರೆ. ಅದರಿಂದ ಫಾಕ್ನರ್ ಅವರ ಲೋಕ ಸಣ್ಣದಾಗಿಲ್ಲ.

ಹೊಳೆಸಾಲು

ಕಾಲಕ್ಕೊಂದು ಹಾಳೆ ಅನ್ನೋದು ನನಗೆ ಹಿಡಿಸಿತು. ಇತಿಹಾಸದ ಕಡೆಯಿಂದ ಒಂದು ಕರಡು ಹಾಕುತ್ತಿದ್ದೇನೆ.

‘ದ ಫೈನಾನ್ಷಿಯಲ್ ಎಕ್ಸ್‌ಪರ್ಟ್’ನ ಮಾರ್ಗಯ್ಯ ಆಲದ ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾನಲ್ಲ, ಎದುರಿನ ಭೂಅಡಮಾನ ಬ್ಯಾಂಕ್ 1914ರದ್ದು. ಮೊದಲ ಹಾಳೆಗೆ ಇದು ಬರುತ್ತದೆ.

ಮುಂದೆ ರೈಲು. ‘ದ ಗೈಡ್’ನ ರಾಜು ಚಿಕ್ಕ ಹುಡುಗನಾಗಿದ್ದಾಗ ಅವರ ಮನೆ ಎದುರಿಗೇ ಹಳಿ ಹಾಕುವ ಕೆಲಸ ನಡೆಯುತ್ತದೆ, ಆಮೇಲೆ ಸ್ಟೇಷನ್ ಶುರು ಆಗುತ್ತದೆ. ಅತ್ತ ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ಕೊನೆಯಲ್ಲಿ ಸ್ವಾಮಿಯ ಗೆಳೆಯ ರಾಜಂ ರೈಲು ಹತ್ತಿ ಹೋಗುತ್ತಾನೆ. ಅಲ್ಲಿಗೆ 1930ರ ಹೊತ್ತಿಗೆ ಸ್ಟೇಷನ್ ಇರಲೇಬೇಕು, ರಾಜುವಿನ ಬಾಲ್ಯ ಅದಕ್ಕೂ ಹಿಂದೆ. ರಾಜು ಸ್ವಾಮಿಗಿಂತ ದೊಡ್ಡವನು ಅಂತಾಯಿತು! ‘ದ ಗೈಡ್’ ಬಂದದ್ದು 1958ರಲ್ಲಿ, ಹಾಗಾಗಿ ನಾವು ಸಾಮಾನ್ಯವಾಗಿ ಸ್ವಾಮಿಯನ್ನೇ ಹಿರಿಯ ಅಂದುಕೊಂಡಿರುತ್ತೇವೆ. ಇಂಥದ್ದು ಹೊಳೆಯೋದು ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟಾಗಲೇ.

ಸ್ವಾತಂತ್ರ್ಯ ಬಂದ ಮೇಲೆ ರಸ್ತೆಗಳ ಹೆಸರು. ‘ಲಾಲಿ ರೋಡ್’ ಕತೆಯಲ್ಲಿ ಪುರಸಭೆಯವರು ಉತ್ಸಾಹದಿಂದ ಎಲ್ಲ ಬೀದಿಗಳಿಗೂ ನಾಯಕರ ಹೆಸರಿಡುತ್ತಾರೆ. ಯಾರ ಮನೆ ಎಲ್ಲಿ ಅಂತ ಯಾರಿಗೂ ತಿಳಿಯದೆ ಕಾಗದಗಳು ಅಡ್ಡಾದಿಡ್ಡಿ ಹೋಗುತ್ತವೆ. ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನು ಕಿತ್ತು ತೆಗೆಯುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಲಾಲಿ ಅನ್ನುವವರು ಇಬ್ಬರಿದ್ದರು, ಪ್ರತಿಮೆ ಊರಿಗೆ ಒಳ್ಳೆಯದು ಮಾಡಿದವನದ್ದು ಅಂತ. 1947ರ ನಂತರದ ಹಾಳೆಯ ಮೇಲೆ ಪ್ರತಿಯೊಂದು ಬೀದಿಗೂ ಎರಡು ಹೆಸರು ಬರೆಯಬೇಕು.

ರಾತ್ರಿಪಾಳಿ

ಪುರಾಣದ ಹಾಳೆ ಮರೆತಿರಿ. 1949ರ ‘ಮಿಸ್ಟರ್ ಸಂಪತ್’ನಲ್ಲಿ ಶ್ರೀನಿವಾಸನ ಕಣ್ಣ ಮುಂದೆ ಮಾರ್ಕೆಟ್ ರೋಡಿನ ಇಡೀ ಇತಿಹಾಸ ಹಾದುಹೋಗುತ್ತದೆ. ರಾಮ ಬಾಣದಿಂದ ಗೆರೆ ಎಳೆದದ್ದೇ ಸರಯೂ ಆಗುತ್ತದೆ. ಆಮೇಲೆ ಬುದ್ಧ ಬರುತ್ತಾನೆ, ಶಂಕರರು ಬರುತ್ತಾರೆ, ಕೊನೆಗೆ ಇಂಗ್ಲಿಷರ ಬ್ಯಾಂಕು. ಒಂದೇ ಜಾಗದ ಮೇಲೆ ಸಾವಿರಾರು ವರ್ಷ. ಘಟಪ್ರಭೆ ಅವರು ಕೇಳುತ್ತಿರುವ ಶಿವಾಪುರದ ಗುಣ ಮಾಲ್ಗುಡಿಯಲ್ಲೂ ಇದೆ, ಆದರೆ ಒಂದೇ ದೃಶ್ಯದಲ್ಲಿ.

‘ದ ಗೈಡ್’ನಲ್ಲಿ ಮಾತ್ರ ಹೊಳೆಯ ಹುಟ್ಟಿಗೆ ಬೇರೆಯೇ ಕತೆ, ಅಲ್ಲಿ ಪಾರ್ವತಿ ಬರುತ್ತಾಳೆ. ಯಾವುದನ್ನು ಹಾಕೋದು?

ಘಟಪ್ರಭೆ

ಎರಡನ್ನೂ. ಯಾವ ಹೊಳೆಗೆ ಒಂದೇ ಸ್ಥಳಪುರಾಣ ಇದೆ? ಎರಡು ಕತೆ ಇದ್ದರೇನೇ ಅದು ನಿಜವಾದ ಹೊಳೆ. ಇಂಥ ಹಾಳೆ ಇರುತ್ತದೆ ಅಂದರೆ ನಾನೂ ಸೇರುತ್ತೇನೆ. ಪುರಾಣದ ಹಾಳೆ ನನಗೆ ಬಿಡಿ.

ಕಡಲಾಚೆ

ಒಂದು ಎಚ್ಚರಿಕೆ. ‘ದ ಗೈಡ್’ನ ರಾಜು ಪ್ರವಾಸಿಗಳಿಗೆ ಹೇಳಿದ ಇತಿಹಾಸವನ್ನು ಸುಮ್ನೆ ಒಪ್ಪಬೇಡಿ. ಒಂದು ಜಾಗಕ್ಕೆ ಎಷ್ಟು ವಯಸ್ಸು ಹೇಳಬೇಕು ಅನ್ನೋದು ಆ ಹೊತ್ತಿನ ತನ್ನ ಮನಸ್ಥಿತಿಯ ಮೇಲಿತ್ತು ಅಂತ ಅವನೇ ಹೇಳಿಕೊಳ್ಳುತ್ತಾನೆ. ಪ್ರವಾಸಿ ನೋಡಿ ಗುಡಿಯ ಕಾಲ ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಪ್ರತಿ ಗುರುತಿನ ಪಕ್ಕ ಅದನ್ನು ಹೇಳಿದವರು ಯಾರು ಅಂತ ಬರೆಯಬೇಕು. ಲೇಖಕರ ಮಾತೇ, ಪಾತ್ರದ ಮಾತೇ, ನಮ್ಮ ಊಹೆಯೇ? ಕ್ಯೂಜಿಐಎಸ್ ಅನ್ನೋ ನಕ್ಷೆ ಬರೆಯುವ ಸಾಫ್ಟ್‌ವೇರ್ ಬಳಸಿದರೆ ಪ್ರತಿ ಚುಕ್ಕಿಗೂ ಇದನ್ನೆಲ್ಲ ತುಂಬುವ ಜಾಗ ಇರುತ್ತದೆ. ಇಸವಿ ಹಾಕಿದರೆ ಕಾಲದ ಪ್ರಕಾರ ಹಾಳೆ ಬದಲಿಸಿ ತೋರಿಸುತ್ತದೆ. ಅಕ್ಷಾಂಶ ರೇಖಾಂಶ ಬೇಡ, ಸ್ಟೇಷನ್ನನ್ನೇ ಸೊನ್ನೆ ಅಂತ ಇಟ್ಟು ಅಳತೆ ಶುರು ಮಾಡಬಹುದು.

ಹೊಳೆಸಾಲು

ಸ್ಟೇಷನ್ ಸೊನ್ನೆ ಅನ್ನೋದು ಸರಿಯಾದ ಜಾಗ. 1930ರಲ್ಲಿ ಬೆಂಗಳೂರಿನಲ್ಲಿ ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ನಾರಾಯಣ್ ನೋಟ್‌ಬುಕ್ ತೆರೆದಾಗ ಮೊದಲು ಕಣ್ಣಿಗೆ ಬಂದದ್ದೇ ಮಾಲ್ಗುಡಿಯ ಪುಟ್ಟ ರೈಲ್ವೆ ಸ್ಟೇಷನ್. ಊರು ಅಲ್ಲಿಂದಲೇ ಬೆಳೆದದ್ದು.

ಈಗ ಮೆಂಪಿ ದೂರದ ಗಂಟು ಬಿಡಿಸಬೇಕು. ಸ್ವಾಮಿ ಶಾಲೆಯಿಂದ ಓಡಿಹೋಗಿ ನಡೆದೂ ನಡೆದೂ ಮೆಂಪಿ ಕಾಡಿನ ರಸ್ತೆಯಲ್ಲಿ ದಾರಿ ತಪ್ಪುತ್ತಾನೆ, ರಾತ್ರಿ ಆಗುತ್ತದೆ. ಗಾಡಿಯವನೊಬ್ಬ ಅವನು ಬಿದ್ದಿರೋದನ್ನು ಕಂಡು ಎತ್ತಿಕೊಂಡು ಹೋಗುತ್ತಾನೆ, ಅರಣ್ಯಾಧಿಕಾರಿ ಮನೆಗೆ ತಲುಪಿಸುವ ಏರ್ಪಾಡು ಮಾಡುತ್ತಾರೆ. ಹಾಗಾದರೆ ಕಾಡಿಗೆ ಹೋಗುವ ರಸ್ತೆ ಒಬ್ಬ ಹುಡುಗ ಮಧ್ಯಾಹ್ನದಿಂದ ರಾತ್ರಿಯೊಳಗೆ ನಡೆಯುವಷ್ಟು ಹತ್ತಿರ. ಆದರೆ 1961ರ ‘ದ ಮ್ಯಾನ್-ಈಟರ್ ಆಫ್ ಮಾಲ್ಗುಡಿ’ಯಲ್ಲಿ ವಾಸು ನಟರಾಜನನ್ನು ಜೀಪಿನಲ್ಲಿ ಮೆಂಪಿಗೆ ಕರೆದುಕೊಂಡು ಹೋಗಿ ಬಿಟ್ಟುಬಿಡುತ್ತಾನೆ, ನಟರಾಜ ಬಸ್ ಹಿಡಿದು ವಾಪಸ್ ಬರಬೇಕು. ಅಲ್ಲಿ ಮೆಂಪಿ ಅಂದರೆ ದೂರ.

ಎರಡನ್ನೂ ಒಂದೇ ನಕ್ಷೆಯಲ್ಲಿ ಹೇಗೆ ತೋರಿಸೋದು? ನಡುವಿನ ವರ್ಷಗಳಲ್ಲಿ ಕಾಡು ಕಡಿದು ಅಂಚು ಹಿಂದಕ್ಕೆ ಹೋಯಿತು ಅಂತ ತೋರಿಸಬಹುದಾ? ನಮ್ಮ ಕಡೆ ಆಗಿದ್ದೂ ಅದೇ ಅಲ್ವಾ.

ಭೂಗೋಳದ ಮೇಷ್ಟ್ರು

ಬೇಡ. ಅದು ನಮ್ಮ ಕಡೆಯ ಸತ್ಯ, ಪುಸ್ತಕದ್ದಲ್ಲ. ಕಾಡು ಕಡಿದರು ಅಂತ ನಾರಾಯಣ್ ಬರೆಯದೆ ಇದ್ದರೆ ನಾವು ಕಡಿಯಬಾರದು.

ಸುಲಭದ ಉತ್ತರ ಇದೆ. ಸ್ವಾಮಿ ಮುಟ್ಟಿದ್ದು ಕಾಡಿಗೆ ಹೋಗುವ ರಸ್ತೆಯನ್ನು. ವಾಸು ಹೋದದ್ದು ಬೆಟ್ಟದ ಬುಡದ ಹಳ್ಳಿಗೆ. ಕಾಡು ಒಂದು ಚುಕ್ಕಿ ಅಲ್ಲ, ಅದಕ್ಕೆ ಅಗಲ ಇದೆ. ಹತ್ತಿರದ ಅಂಚು ಊರಿನ ಕಡೆ, ಬೆಟ್ಟ ಆಚೆ ತುದಿಯಲ್ಲಿ. ಎರಡೂ ಕಾದಂಬರಿ ಒಂದೇ ಹಾಳೆಯಲ್ಲಿ ಕೂರುತ್ತವೆ.

ಬರೆಯುವಾಗ ಎರಡು ಶಾಯಿ ಇಟ್ಟುಕೊಳ್ಳಿ. ಪುಸ್ತಕ ಹೇಳಿದ್ದು ಕಪ್ಪು. ನಾವು ತರ್ಕದಿಂದ ಕಂಡುಕೊಂಡದ್ದು, ಊರು ಬಲದಂಡೆಯಲ್ಲಿ ಇದೆ ಅನ್ನೋ ಥರದ್ದು, ಕೆಂಪು ಚುಕ್ಕಿಗೆರೆ. ಎರಡೂ ಇಲ್ಲದ ಕಡೆ ಹಾಳೆ ಖಾಲಿ ಇರಲಿ. ಎಲ್ಲ ಕಡೆ ತುಂಬಿಸಬೇಕು ಅನ್ನೋ ಆಸೆಯೇ ಈ ಕೆಲಸವನ್ನು ಕೆಡಿಸೋದು. ಟೋಲ್ಕಿನ್ ನಕ್ಷೆಯಲ್ಲೂ ಪೂರ್ವಕ್ಕೆ, ದಕ್ಷಿಣಕ್ಕೆ ದೊಡ್ಡ ಖಾಲಿ ಜಾಗಗಳಿವೆ. ಅಷ್ಟು ಕೆಲಸ ಮಾಡಿದವರೇ ಅದನ್ನು ಬಿಟ್ಟಿದ್ದಾರೆ.

ಮಳೆಬಿಲ್ಲು

ಉತ್ತರದ ಬಾಣ?

ಭೂಗೋಳದ ಮೇಷ್ಟ್ರು

ಸದ್ಯಕ್ಕೆ ಬೇಡ. ಯಾವುದಾದರೂ ಕಾದಂಬರಿಯಲ್ಲಿ ಹೊಳೆದಂಡೆಯಲ್ಲಿ ಕೂತವರ ಎದುರಿಗೆ ಸೂರ್ಯ ಮುಳುಗುವ ವಾಕ್ಯ ಇದ್ದರೆ ಸಾಕು, ಹೊಳೆ ಎತ್ತ ಹರಿಯುತ್ತದೆ ಅಂತ ಹೇಳಿಬಿಡಬಹುದು. ‘ದ ಬ್ಯಾಚುಲರ್ ಆಫ್ ಆರ್ಟ್ಸ್’ನಲ್ಲಿ ಚಂದ್ರನ್ ಸಂಜೆ ಹೊತ್ತು ಮಾಲತಿಯನ್ನು ನೋಡೋಕೆ ಆ ಮರಳಿಗೇ ಹೋಗ್ತಿರ್ತಾನೆ. ಅಲ್ಲಿ ಹುಡುಕಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅಂತ ನೋಡಿ, ಪುಟದ ಸಂಖ್ಯೆ ಜೊತೆ ಇಲ್ಲಿ ಹಾಕಿ.

ಮಳೆಬಿಲ್ಲು

ಆ ಪುಸ್ತಕ ನನ್ನ ಹತ್ತಿರ ಇದೆ. ಅದು ನಾನು ನೋಡ್ತೀನಿ.

ಹೊಳೆಸಾಲು

ಹಾಗಾದರೆ ಹಂಚಿಕೊಳ್ಳೋಣ. ಪುರಾಣದ ಹಾಳೆ ಘಟಪ್ರಭೆ. 1914ರಿಂದ 1930ರವರೆಗೆ ನಾನು. ಗಾಂಧಿ ಊರಿಗೆ ಬರುವ ‘ವೇಟಿಂಗ್ ಫಾರ್ ದ ಮಹಾತ್ಮ’ದ ಕಾಲ ರಾತ್ರಿಪಾಳಿ ತೆಗೆದುಕೊಳ್ಳಲಿ, ಶ್ರೀರಾಮನ ಕಬೀರ್ ಸ್ಟ್ರೀಟ್ ಮನೆಯಿಂದ ಶುರು ಮಾಡಿದರೆ ಸುಲಭ. 1947ರ ನಂತರದ ಬೀದಿ ಹೆಸರುಗಳಿಗೆ ಇನ್ನೂ ಯಾರೂ ಇಲ್ಲ, ಬರುವವರು ಕೆಳಗೆ ಬರೆಯಿರಿ. ಕಂಪ್ಯೂಟರ್ ಕೆಲಸ ಕಡಲಾಚೆ. ಸಂದೇಹ ಬಂದ ಕಡೆಯೆಲ್ಲ ಮೇಷ್ಟ್ರು.